ಸಿಟ್ಟು ಹುಟ್ಟಿದ್ದು ದಫ್ತರದಲ್ಲಿ

ನಿನ್ನೆ ನಮ್ಮೂರಿನ ಶಾಲೆಯೊಂದರ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ಕುಳಿತು, ಸ್ವಾತಂತ್ರ್ಯ ಹೋರಾಟದ ಮೇಲೆ ಮುಕ್ಕಾಲು ಗಂಟೆಯ ಭಾಷಣ ಕೇಳಿ ಬಂದೆ. ಖಡ್ಗ, ಕುದುರೆ, ಗರ್ಜನೆ, ನಡುನಡುವೆ ‘ನಮ್ಮವರೇ ಬಗೆದ ದ್ರೋಹ’, ಯಾವುದಕ್ಕೂ ಕೊರತೆಯಿರಲಿಲ್ಲ. ಕೊನೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಅವರಿಗೆ ಬ್ರಿಟಿಷರ ಮ್ಯಾಲ ಅಷ್ಟು ಸಿಟ್ಟು ಯಾಕ ಬಂತ್ರಿ?” ಎಂದು ಕೇಳಿದಳು. ಭಾಷಣಕಾರರು ನಕ್ಕು, “ದೇಶಭಕ್ತಿ ಮಗಳೇ, ದೇಶಭಕ್ತಿ” ಎಂದರು. ಚಪ್ಪಾಳೆ ಬಿತ್ತು, ಹುಡುಗಿ ಕುಳಿತಳು. ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಮೂವತ್ತು ವರ್ಷ ಕಂದಾಯ ಇಲಾಖೆಯ ದಫ್ತರಗಳ ಧೂಳು ಕುಡಿದವನು ನಾನೆಂಬುದು ನಿಮಗೆಲ್ಲ ಗೊತ್ತು. ಇವನು ಇತಿಹಾಸವನ್ನೂ ಕಡತದಂತೆಯೇ ಓದುತ್ತಾನೆ ಎಂದು ಬೈಯುವವರು ಬೈಯಲಿ. ಆದರೆ ಕಿತ್ತೂರಿನ ಕತೆ ಶುರುವಾಗುವುದೇ ಒಂದು ಕಾಗದದಿಂದ. 1824ರ ಸೆಪ್ಟೆಂಬರಿನಲ್ಲಿ ಅಲ್ಲಿಯ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ಅವನು ಮಾಡಿಕೊಂಡ ದತ್ತಕದ ಪತ್ರ ಅಸಲಿಯೋ ನಕಲಿಯೋ ಎಂಬ ತಕರಾರು ತೆಗೆದವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ಸಾವಿನ ಮನೆಯ ಖಜಾನೆಗೆ ಮೊಹರು ಬಿತ್ತು, ಕಾವಲು ಕುಳಿತಿತು. ಅಕ್ಟೋಬರ್ 23ರ ಕಾಳಗ, ಅದರಲ್ಲಿ ಥ್ಯಾಕರೆ ಸತ್ತದ್ದು, ಅವೆಲ್ಲ ಆಮೇಲಿನ ಮಾತು. ರಾಯಣ್ಣನಾದರೂ ಯಾರು? ಸಂಗೊಳ್ಳಿಯ ಶೇತಸನದಿ, ಚಾಕರಿಗೆ ಸಂಬಳದ ಬದಲು ಹೊಲ ಉಣ್ಣುತ್ತಿದ್ದವನು. ಕಂಪನಿ ಆ ಹೊಲಕ್ಕೇ ಕೈಹಾಕಿತು. ಅವನ ಪಡೆ ಬೀಡಿ, ಸಂಪಗಾಂವಗಳ ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟದ್ದನ್ನು ವೇದಿಕೆಯ ಮೇಲೆ ರೋಮಾಂಚನಗೊಂಡು ಹೇಳುತ್ತಾರೆ. ಬೆಂಕಿ ಕಚೇರಿಗೇ ಏಕೆ ಬಿತ್ತು ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಯಾರ ಹೊಲ ಯಾರದು, ಯಾರು ಎಷ್ಟು ಕಟ್ಟಬೇಕು ಎಂದು ಬರೆದಿಡುವ ಜಾಗ ಅದೇ ಅಲ್ಲವೇ?

ಮುಂದೆ 1852ರ ಕಾಯ್ದೆಯ ಬಲದಿಂದ ಇನಾಂ ಕಮಿಷನ್ ಮುಂಬಯಿ ಪ್ರಾಂತದಲ್ಲಿ ಇದೇ ಕೆಲಸವನ್ನು ಊರೂರಿಗೆ ಒಯ್ದಿತು. ಗುಡಿಯ ಪೂಜೆಗೆಂದು, ಮಸೀದಿಯ ದೀಪಕ್ಕೆಂದು, ದೇಸಾಯಿಯ ಸೇವೆಗೆಂದು ಹಿಂದಿನ ಅರಸರು ಬಿಟ್ಟುಕೊಟ್ಟು, ಮೂರು ನಾಲ್ಕು ತಲೆಮಾರು ಉಂಡ ಭೂಮಿಗೆ, ಸನದು, ಅಂದರೆ ಅರಸರು ಕೊಟ್ಟ ಹಕ್ಕಿನ ಕಾಗದ, ತೋರಿಸಿ, ಇಲ್ಲವಾದರೆ ಬಿಡಿ ಎಂದಿತು. ಸನದನ್ನು ಗೆದ್ದಲು ತಿಂದಿದ್ದರೆ ಅದು ಗೆದ್ದಲಿನ ತಪ್ಪಲ್ಲ, ನಿಮ್ಮ ತಪ್ಪು! ಹೀಗೆ ಜಪ್ತಿಯಾದ ಇನಾಂ, ಜಹಗೀರುಗಳು ಸುಮಾರು 20,000. ನರಗುಂದದ ಅರಸ ಬಾಬಾಸಾಹೇಬನಿಗೆ ದತ್ತಕಕ್ಕೆ ಒಪ್ಪಿಗೆ ಸಿಗಲಿಲ್ಲ. 1858ರ ಮೇ ತಿಂಗಳ ಕೊನೆಗೆ ಸುರೇಬಾನದಲ್ಲಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಕೊಲೆ ಅವನ ಕಡೆಯವರಿಂದ ಆಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು.

ಇನಾಮದಾರರೇನು ಸತ್ಯಹರಿಶ್ಚಂದ್ರರಾಗಿದ್ದರೇ, ಸುಳ್ಳು ಸನದುಗಳು ಇರಲಿಲ್ಲವೇ ಎಂದು ನಮ್ಮ ಗೆಳೆಯರೊಬ್ಬರು ಯಾವಾಗಲೂ ಕೇಳುತ್ತಾರೆ. ಇದ್ದವು, ಧಾರಾಳವಾಗಿ ಇದ್ದವು. ಸುಳ್ಳು ಕಾಗದದ ವಿಷಯವನ್ನು ದಯವಿಟ್ಟು ನನಗೆ ಕಲಿಸಬೇಡಿ. ರೈಲು ಹಾಕಿಸಿದರಲ್ಲ ಎನ್ನುವ ಇನ್ನೊಬ್ಬರೂ ಇದ್ದಾರೆ. ಅದಕ್ಕೆ ಬಂಡವಾಳ ಹೂಡಿದ ಇಂಗ್ಲೆಂಡಿನ ಷೇರುದಾರರಿಗೆ ನೂರಕ್ಕೆ 5ರಂತೆ ಲಾಭದ ಖಾತರಿ ಕೊಟ್ಟದ್ದು ಇಲ್ಲಿಯ ರೈತ ಕಟ್ಟಿದ ಹಣದ ಬಲದಿಂದ ಎಂಬುದನ್ನು ಹೇಳಿದರೆ ಅವರಿಗೆ ಒಡನೆಯೇ ಮನೆಯ ಕೆಲಸ ನೆನಪಾಗುತ್ತದೆ. ಅದೂ ಇರಲಿ. ಹಲಗಲಿಯ ಬೇಡರಲ್ಲಿ ಯಾವ ಸುಳ್ಳು ಸನದು ಇತ್ತು?

ಅವರಲ್ಲಿ ಇದ್ದದ್ದು ಹತಾರ. ಬೇಟೆಯೇ ಬದುಕಾದವನಿಗೆ ಬಂದೂಕು, ಕತ್ತಿ ಎಂದರೆ ರೈತನಿಗೆ ಕುಂಟೆ, ಕೂರಿಗೆ ಇದ್ದಂತೆ. 1857ರ ಕಾಯ್ದೆ ಅವನ್ನು ತಂದೊಪ್ಪಿಸಿ ಎಂದಿತು. ದಿಲ್ಲಿಯಲ್ಲಿ ಯಾರು ಯಾರ ಮೇಲೆ ದಂಗೆ ಎದ್ದಿದ್ದಾರೆ ಎಂಬುದು ಮುಧೋಳ ಸಂಸ್ಥಾನದ ಆ ಸಣ್ಣ ಹಳ್ಳಿಗೆ ಎಷ್ಟು ಮುಟ್ಟಿತ್ತೋ. ಮನೆಯ ಮೂಲೆಯಲ್ಲಿ ಒರಗಿಸಿಟ್ಟ ಬಂದೂಕನ್ನು ಒಯ್ಯಲು ಬರುತ್ತಾರೆ ಎಂಬುದು ಮಾತ್ರ ಚೆನ್ನಾಗಿ ಮುಟ್ಟಿತು. ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಆಮೇಲೆ 19 ಜನರಿಗೆ ಗಲ್ಲು. ಅದರಲ್ಲಿ ಕೆಲವರನ್ನು ಮುಧೋಳದಲ್ಲಿ ಸಂತೆಯ ದಿನವೇ ಏರಿಸಿದರು, ಸಂತೆಗೆ ಬಂದವರೆಲ್ಲ ನೋಡಲಿ ಎಂದು. ಈ ಕದನದ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟ್ ಎಂಬುದು ಬೇರೆ ಮಾತು. ಅದರಲ್ಲಿ ದಂಡಿನವರು ದೋಚಿದ್ದರ ಪಟ್ಟಿ ಬರುತ್ತದೆ: ಉಪ್ಪು, ಎಣ್ಣೆ, ಅರಿಷಿಣ, ಜೀರಿಗೆಯಿಂದ ಮಂಗಳಸೂತ್ರದವರೆಗೆ, ಬೀಸುಕಲ್ಲಿನವರೆಗೆ. ಹಾಡು ಕಟ್ಟಿದವನಿಗೆ ಸಿಟ್ಟಿನ ಕಾರಣ ಗೊತ್ತಿತ್ತು, ಪಟ್ಟಿ ಬರೆದ. ನಿನ್ನೆಯ ಭಾಷಣಕಾರರಿಗೆ ಮುಕ್ಕಾಲು ಗಂಟೆಯಲ್ಲಿ ಒಂದು ಬೀಸುಕಲ್ಲೂ ಸಿಗಲಿಲ್ಲ.

ನಾನು ಎದ್ದು ಆ ಹುಡುಗಿಗೆ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ, ಹಾರ ಹಾಕಿಸಿಕೊಂಡ ಮರ್ಯಾದೆ ಅಡ್ಡ ಬಂತು. ಇನ್ನೊಂದೂ ಅಡ್ಡ ಬಂತು, ಇಷ್ಟು ಬರೆದ ಮೇಲೆ ಅದನ್ನು ಮುಚ್ಚಿಡುವುದು ಸರಿಯಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ, ಸ್ವತಂತ್ರ ಭಾರತದ ಸರ್ಕಾರದ ಪರವಾಗಿಯೇ, ಒಂದು ಹಳ್ಳಿಯ ಮನೆಯ ಬಾಗಿಲಿಗೆ ಜಪ್ತಿಯ ನೋಟಿಸು ಅಂಟಿಸಿದ್ದೆ. ಗೋಧಿಹಿಟ್ಟಿನ ಅಂಟನ್ನು ಬೆರಳಿನಿಂದಲೇ ಸವರಿದ್ದೆ. ಒಳಗಿನಿಂದ ಬಂದ ಮುದುಕಿಯೊಬ್ಬಳು ನೋಟಿಸನ್ನು ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತ, “ಇದು ನಮ್ಮ ಮುತ್ಯಾನ ಕಾಲದಿಂದ ನಮ್ಮದೇ ಐತ್ರಿ ಸಾಹೇಬ್ರ. ಕಾಗದ ಎಲ್ಲಿಂದ ತರ್ಲಿ?” ಎಂದಳು. ಆಮೇಲೆ ಒಳಗೆ ಹೋಗಿ, ಕೈ ತೊಳೆದುಕೊಳ್ಳಲಿ ಎಂದು ನನಗೇ ಒಂದು ಚರಿಗೆ ನೀರು ತಂದಿಟ್ಟಳು.