ಡಬ್ಬಿಯ ಹಿಂದಿನ ಸಣ್ಣಕ್ಷರ

ಅಕ್ಕನ ಮೇಜಿನ ಮೇಲಿದ್ದ ‘ಒತ್ತಡ ನಿವಾರಕ, ಚೈತನ್ಯದಾಯಕ’ ಮಾತ್ರೆಯ ಡಬ್ಬಿಯನ್ನು ನಿನ್ನೆ ಕೈಗೆತ್ತಿಕೊಂಡೆ. ಮುಂದೆ ಹಸಿರೆಲೆಯ ಚಿತ್ರ, ಹೆಬ್ಬೆರಳು ಗಾತ್ರದ ಅಕ್ಷರ. ಹಿಂದೆ ತಿರುಗಿಸಿದರೆ ಸಾಸಿವೆಗಿಂತ ಸಣ್ಣದು. ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಬೇಕಾಯಿತು. ಅಶ್ವಗಂಧ, ಬ್ರಾಹ್ಮಿ, ಜಿನ್ಸೆಂಗ್ ಎಲ್ಲ ಸೇರಿ ‘ವಿಶೇಷ ಮಿಶ್ರಣ 500 ಮಿಲಿಗ್ರಾಂ’. ಯಾವುದು ಎಷ್ಟು? ಒಂದಕ್ಷರವೂ ಇಲ್ಲ. ನುಂಗುವವರಿಗೆ ಅದನ್ನು ತಿಳಿಯುವ ಹಕ್ಕಿಲ್ಲವೇ?

ಬಿ6 ವಿಟಮಿನ್ 50 ಮಿಲಿಗ್ರಾಂ ಎಂದಿತ್ತು. ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಒಂದೂವರೆ ಮಿಲಿಗ್ರಾಂ ಆಸುಪಾಸು. ಅತಿಯಾದ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ನರಗಳಿಗೇ ಪೆಟ್ಟು ಬಿದ್ದು ಕೈಕಾಲು ಜೋಮು ಹಿಡಿಯಬಹುದು. ಸಾಲದ್ದಕ್ಕೆ ಅಕ್ಕ ಥೈರಾಯ್ಡ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾಳೆ. ಅಶ್ವಗಂಧವು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಅದರ ಎಚ್ಚರಿಕೆ ಡಬ್ಬಿಯಲ್ಲಿ ಎಲ್ಲೂ ಇಲ್ಲ.

‘ಗಿಡಮೂಲಿಕೆ ತಾನೇ, ಏನೂ ಆಗುವುದಿಲ್ಲ’ ಎನ್ನುವ ಮಾತು ಕೇಳಿದರೆ ಮೈ ಉರಿಯುತ್ತದೆ. ಅಕ್ಕನ ಬಿಡದ ಸುಸ್ತಿಗೆ ರಕ್ತಹೀನತೆಯೋ ನಿದ್ದೆಗೇಡೋ ಕಾರಣವಿರಬಹುದು, ಥೈರಾಯ್ಡ್ ಮಾತ್ರೆಯ ಪ್ರಮಾಣವೇ ಹೆಚ್ಚುಕಡಿಮೆಯಾಗಿರಬಹುದು. ರಕ್ತಪರೀಕ್ಷೆ ಮಾಡಿಸು ಎಂದು ಗೋಗರೆಯುತ್ತಲೇ ಇದ್ದೇನೆ. ಮೂರು ತಿಂಗಳು ಕಳೆಯಿತು, ಅವಳು ಮೂರನೆಯ ಡಬ್ಬಿಯ ಮುಚ್ಚಳ ತೆರೆದಿದ್ದಾಳೆ.