ಬೇಕಲ ಕೋಟೆಗೆ ಸೈಕಲ್ ದಂಡಯಾತ್ರೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಬೇಕಲಕ್ಕೆ ನೇರ ಹೋದರೆ ಸುಮಾರು 45 ಕಿಲೋಮೀಟರು. ದೊಡ್ಡವರು ಒಬ್ಬರೇ ಹೊರಟರೆ ತಿಂಡಿ ಮುಗಿಸಿ ಹೊರಟು ಊಟದ ಹೊತ್ತಿಗೆ ಮುಟ್ಟಬಹುದು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ಮೂರು ದಿನ ಬೇಕು. ಏಳೆಂಟು ವರ್ಷದ ಮಗು ಗೇರಿಲ್ಲದ 20 ಇಂಚಿನ ಸೈಕಲಿನಲ್ಲಿ ಗಂಟೆಗೆ ಎಂಟು ಹತ್ತು ಕಿಲೋಮೀಟರು ತುಳಿಯುತ್ತದೆ. ಅದರಲ್ಲಿ ಬೊಂಡ (ಎಳನೀರು) ಕುಡಿಯುವುದು, ಕುಡಿದದ್ದನ್ನು ಇಳಿಸಲು ಜಾಗ ಹುಡುಕುವುದು, ದಾರಿಬದಿಯ ಆಡಿನಮರಿಯನ್ನು ಮಾತಾಡಿಸುವುದು ಇಷ್ಟನ್ನು ಕಳೆದರೆ ಐದು ಉಳಿದೀತು.

ಮೊದಲ ದಿನ ಅನಂತಪುರ ನೋಡಿ ಕುಂಬಳೆಯಲ್ಲಿ ಉಳಿಯುವುದು, ಎರಡನೇ ದಿನ ಸೀತಾಂಗೋಳಿ, ಮಧೂರು ದಾಟಿ ಕಾಸರಗೋಡು, ಮೂರನೇ ದಿನ ಬೇಕಲ. ಕಾಸರಗೋಡಿನಿಂದ ಮುಂದೆ ಹೆದ್ದಾರಿ ಬೇಡ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ಮೂಲಕ ಹೋಗುವ ರಾಜ್ಯರಸ್ತೆಯೇ ಸಾಕು. ಕಾಲ ಡಿಸೆಂಬರ್, ಜನವರಿ. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರಲ್ಲಿ ಸತ್ತದ್ದನ್ನು ಮನೆಯಲ್ಲೇ ಹೇಳಿಬಿಡಿ. ಕೆರೆಯ ದಂಡೆಯಲ್ಲಿ ಹೇಳಹೊರಟರೆ ಅವತ್ತಿನ ಸವಾರಿ ಅಲ್ಲಿಗೇ ನಿಲ್ಲುತ್ತದೆ.

ಅಪಘಾತಗಳು ಶುರುವಾಗುವುದು ರಸ್ತೆಯಲ್ಲಲ್ಲ, ಮನೆಯ ಜಗಲಿಯಲ್ಲಿ. ಸೈಕಲಿನ ಹಿಂದೆ ಕಟ್ಟುವ ಮಕ್ಕಳ ಸೀಟು ಸಾಮಾನ್ಯವಾಗಿ 22 ಕಿಲೋ ತೂಕಕ್ಕೆ ಮಾಡಿದ್ದು. ನಾಲ್ಕು ವರ್ಷದ ಮಗು 15-16 ಕಿಲೋ ಇರುತ್ತದೆ. ಲೆಕ್ಕ ಸರಿಯಾಗಿದೆ ಎಂದುಕೊಳ್ಳುವಷ್ಟರಲ್ಲಿ ಅಜ್ಜಿ "ದಾರಿಯಲ್ಲಿ ಮಕ್ಕಳಿಗೆ ಹಸಿವಾದರೆ?" ಎಂದು ಹಲಸಿನ ಹಪ್ಪಳದ ಕಟ್ಟು, ಮಾವಿನ ಮಿಡಿಯ ಭರಣಿ ತಂದು ಸೀಟಿನ ಹಿಂದೆ ತುರುಕುತ್ತಾರೆ. ಅಷ್ಟೂ ಭಾರ ಹಿಂದಿನ ಅಚ್ಚಿಗಿಂತ ಹಿಂದೆ ಬಿದ್ದ ಮೇಲೆ, ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡಲು ನೋಡುತ್ತದೆ, ಹ್ಯಾಂಡಲ್ ಹೇಳಿದ ಮಾತು ಕೇಳುವುದಿಲ್ಲ. ಸಾಮಾನು ಮುಂದೆ ಕಟ್ಟಬೇಕು, ಆದಷ್ಟು ಕೆಳಗೆ. ಭರಣಿಯನ್ನು ಅಜ್ಜಿಗೆ ಕಾಣದಂತೆ ಅಡುಗೆಮನೆಗೆ ವಾಪಸು ಮುಟ್ಟಿಸಬೇಕು. ಅದಕ್ಕೆ ಬೇಕಾದ ಚಾಕಚಕ್ಯ ಇಡೀ ಪ್ರವಾಸದಲ್ಲಿ ಮತ್ತೆಲ್ಲೂ ಬೇಕಾಗುವುದಿಲ್ಲ.

ಇನ್ನು ಸೈಡ್ ಸ್ಟ್ಯಾಂಡು. ಅದು ಸೈಕಲಿಗಾಗಿ ಇರುವುದು, ಸೈಕಲ್ ಮೇಲಿನ ಮಗುವಿಗಾಗಿ ಅಲ್ಲ. ಮಗುವನ್ನು ಸೀಟಿನಲ್ಲೇ ಬಿಟ್ಟು ಅಂಗಡಿಗೆ ತಿರುಗಿದರೆ, ಬಿಸ್ಕತ್ತಿನ ದುಡ್ಡು ಕೊಡುವ ಮೊದಲೇ ದಡಾರ್ ಸದ್ದು. ಹೊರಡುವಾಗ ಮಗು ಕಡೆಗೆ ಹತ್ತಬೇಕು, ನಿಂತಾಗ ಮೊದಲು ಇಳಿಯಬೇಕು. ಕಾಲು ಸ್ಪೋಕ್ಸಿಗೆ ಸಿಕ್ಕುವುದಂತೂ ತಮಾಷೆಯ ಮಾತಲ್ಲ. ಚಕ್ರಕ್ಕೆ ಗಾರ್ಡು, ಪಾದಕ್ಕೆ ಬೆಲ್ಟು ಇಲ್ಲದ ಸೀಟು ಬೇಡವೇ ಬೇಡ.

ಕಾಸರಗೋಡಿನ ಒಳದಾರಿಗಳು ಸಮತಟ್ಟಲ್ಲ. ಮುರಕಲ್ಲಿನ ಗುಡ್ಡೆ ಹತ್ತಿಸಿ, ತೋಟದ ಬಯಲಿಗೆ ಇಳಿಸಿ, ಮತ್ತೆ ಹತ್ತಿಸುತ್ತವೆ. ಏರಿನಲ್ಲಿ ಏನೂ ಆಗುವುದಿಲ್ಲ, ಎಲ್ಲರೂ ಇಳಿದು ತಳ್ಳುತ್ತಾರೆ.

"ಅಪ್ಪಾ, ಇನ್ನು ಎಷ್ಟು ದೂರ ಉಂಟು?"

"ಇಗೋ, ಈ ಏರು ಕಳೆದ ಕೂಡಲೇ."

ಆ ಏರು ಕಳೆದ ಕೂಡಲೇ ಕಾಣುವುದು ಇಳಿಜಾರು. ಮಕ್ಕಳ ಸೈಕಲಿನ ಬ್ರೇಕ್ ಲಿವರು ಎಷ್ಟೋ ಸಲ ಮಕ್ಕಳ ಬೆರಳಿಗೆ ಎಟುಕುವಂತೆ ಇರುವುದಿಲ್ಲ. ಲಿವರಿನ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇದ್ದರೆ ಅದನ್ನು ಒಳಕ್ಕೆ ತಿರುಗಿಸಿದಷ್ಟೂ ಲಿವರು ಹ್ಯಾಂಡಲಿಗೆ ಹತ್ತಿರ ಬರುತ್ತದೆ. ಎರಡು ನಿಮಿಷದ ಕೆಲಸ.

ಬ್ರೇಕಿನ ನಿಜವಾದ ವೈರಿ ಎಣ್ಣೆ. ಮಧೂರು ದೇವಸ್ಥಾನದ ಪ್ರಸಾದವಾದ ಅಪ್ಪವನ್ನು ತಿಂದ ಕೈಯಲ್ಲಿ ಮಗು ಚಕ್ರ ತಿರುಗಿಸುತ್ತಾ ಆಟವಾಡಿದರೆ ಜಿಡ್ಡು ರಿಮ್ಮಿಗೆ ಹತ್ತಿತು ಎಂದೇ ಲೆಕ್ಕ. ಆಮೇಲೆ ಲಿವರು ಎಷ್ಟು ಹಿಚುಕಿದರೂ ರಬ್ಬರು ಜಾರುತ್ತದೆ. ಸೋಪಿನ ನೀರಿನಲ್ಲಿ ರಿಮ್ ತೊಳೆದು ಒರೆಸಿ, ಬ್ರೇಕ್ ರಬ್ಬರಿನ ಮೈಯನ್ನು ಮರಳು ಕಾಗದದಲ್ಲಿ ಉಜ್ಜಬೇಕು. ಚೈನಿಗೆ ತೆಂಗಿನೆಣ್ಣೆ ಬಿಡುವ ಉಪಕಾರಿಗಳೂ ದಾರಿಯಲ್ಲಿ ಸಿಗುತ್ತಾರೆ. ನಮ್ಮೂರಲ್ಲಿ ಅದು ತಲೆಗೆ, ಗಾಯಕ್ಕೆ, ಬಾಗಿಲಿನ ಕೀಲಿಗೆ, ಎಲ್ಲಕ್ಕೂ ಮದ್ದು. ಆದರೆ ಅದು 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುವ ಎಣ್ಣೆ. ಡಿಸೆಂಬರಿನ ಬೆಳಗ್ಗೆ ಚೈನಿನ ಮೇಲೆ ಬೆಣ್ಣೆಯಂತೆ ಕೂತು, ಬಿಸಿಲೇರಿದಾಗ ಕರಗಿ, ದಾರಿಯ ಕೆಂಪು ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಚೈನಿನ ಎಣ್ಣೆಯ ಸಣ್ಣ ಬಾಟಲಿ ಜೊತೆಗಿರಲಿ. ಕೊಂಡಿಗೊಂದು ಹನಿ ಬಿಟ್ಟು, ಹೆಚ್ಚಾದದ್ದನ್ನು ಹಳೆ ಬೈರಾಸಿನಲ್ಲಿ ಒರೆಸಿದರಾಯಿತು.

ಪಂಕ್ಚರ್ ಬಗ್ಗೆ ಎಲ್ಲರೂ ತಯಾರಿರುತ್ತಾರೆ, ವಾಲ್ವಿನ ಬಗ್ಗೆ ಯಾರೂ ಇಲ್ಲ. ಒಂದೇ ಮನೆಯ ಸೈಕಲುಗಳಲ್ಲಿ ಒಂದಕ್ಕೆ ಬೈಕಿನ ಥರದ ವಾಲ್ವು, ಇನ್ನೊಂದಕ್ಕೆ ರಬ್ಬರಿನ ವಾಲ್ವ್ ಟ್ಯೂಬು ಹಾಕುವ ಹಳೆ ಕಾಲದ್ದು ಇರುತ್ತದೆ. ಎರಡಕ್ಕೂ ಕೂರುವ ಪಂಪನ್ನೇ ಒಯ್ಯಬೇಕು, ಜೊತೆಗೆ ಒಂದು ಗೇಣು ವಾಲ್ವ್ ಟ್ಯೂಬು. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಮಕ್ಕಳ ಸೈಕಲನ್ನು ಒಪ್ಪಿಸುವಾಗ ಕಣ್ಣು ಟೈರಿನ ಮೇಲೇ ಇರಲಿ. ಅದರ ಬದಿಯಲ್ಲಿ ಗಾಳಿಯ ಮಿತಿ ಬರೆದಿರುತ್ತದೆ. ಲಾರಿಗೆ ಹೊಡೆದು ರೂಢಿಯಾದ ಕೈ ಆ ಮಿತಿಯನ್ನು ಕ್ಷಣದಲ್ಲಿ ದಾಟಿಸುತ್ತದೆ, ಟ್ಯೂಬು ಢಮಾರ್, ಮಗು ಆಕಾಶ ಹರಿಯುವಂತೆ ಅಳುತ್ತದೆ.

ಬೇಕಲ ಮುಟ್ಟಿದ ಮೇಲೆ, ಹದಿನೇಳನೇ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಎಂದು ವಿವರಿಸಲು ಹೋಗಬೇಡಿ. ಆ ಹೊತ್ತಿಗೆ ದೊಡ್ಡವನಿಗೆ ಐಸ್‌ಕ್ರೀಮು ಬೇಕು, ಚಿಕ್ಕವಳಿಗೆ ನಿದ್ದೆ.

ವಾಪಸು ಗೂಡ್ಸ್ ಆಟೋದಲ್ಲಿ. ಪೆಡಲು ಕಳಚಿ, ಹ್ಯಾಂಡಲ್ ಅಡ್ಡ ತಿರುಗಿಸಿದರೆ ಮೂರು ಸೈಕಲುಗಳು ಹಿಡಿಸುತ್ತವೆ. ಪೆಡಲಿಗೆ ಸಾಮಾನ್ಯವಾಗಿ 15 ಮಿಲಿಮೀಟರಿನ ಸ್ಪ್ಯಾನರ್ ಬೇಕು. ಎಡಗಡೆಯ ಪೆಡಲಿನ ಥ್ರೆಡ್ಡು ಉಲ್ಟಾ, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಸುತ್ತ ನೆರೆದವರು ಮಲಯಾಳ, ತುಳು, ಕನ್ನಡ ಮೂರರಲ್ಲೂ "ಎಡಕ್ಕೆ, ಎಡಕ್ಕೆ" ಎಂದೇ ಹೇಳುತ್ತಾರೆ.