ನಾರಿನ ಜೊತೆ ಹೂವೂ ಸ್ವರ್ಗಕ್ಕೆ

ಮೇ ತಿಂಗಳ ಕೊನೆಯ ವಾರ ಭಾಂಡುಪಿನ ನಮ್ಮ ಚಾಳಿನಲ್ಲಿ ಮದುವೆಮನೆಯ ಗದ್ದಲ. ಮಳೆ ಹಿಡಿಯುವ ಮುನ್ನ ಮಾಡಿಗೆ ಹೊಸ ಪತ್ರಾ ಹೊದಿಸಬೇಕು. ಮುಂಬಯಿಗೆ ಹೊಸದಾಗಿ ಬಂದ ಕನ್ನಡಿಗ ‘ಪತ್ರಾ ಬಂತು’ ಎಂಬ ಕೂಗು ಕೇಳಿ ಊರಿನಿಂದ ಕಾಗದ ಬಂತೆಂದು ಹೊರಗೋಡಿ ಬರುತ್ತಾನೆ. ನಿಂತಿರುವುದು ಸಿಮೆಂಟ್ ಶೀಟು ತುಂಬಿದ ಟೆಂಪೋ.

ಕೆಲಸದ ಹುಡುಗ ಕಟರ್ ಹಚ್ಚಿದ. ಮೈದಾ ಚೀಲ ಒಡೆದಂತೆ ಧೂಳೆದ್ದಿತು. ಎದುರುಮನೆಯ ಅಕ್ಕ ಓಡಿಬಂದು ಒಣಹಾಕಿದ್ದ ಹಪ್ಪಳಕ್ಕೆ ಹಳೆಯ ಸೀರೆ ಹೊದಿಸಿದರು. ಹಪ್ಪಳ ಬಚಾವಾಯಿತು. ಹುಡುಗ ತಲೆಯ ಟವೆಲ್ ಬಿಚ್ಚಿ, ಒಮ್ಮೆ ಕೊಡವಿ, ಅದರಿಂದಲೇ ಮೂಗು ಬಾಯಿ ಒರೆಸಿಕೊಂಡ.

‘ಇದು ಆಸ್ಬೆಸ್ಟಾಸ್ ಅಲ್ಲವೇ?’ ಎಂದೆ.

‘ಛೆ, ಸಿಮೆಂಟ್ ಶೀಟು. ಒಳಗಿರುವುದು ಬಿಳಿ ಜಾತಿಯದು, ಸಾಧು’ ಎಂದರು ಚಾಳಿನ ಕಾರ್ಯದರ್ಶಿಗಳು. ‘ನಲವತ್ತು ವರ್ಷ ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ.’

ಲೆಕ್ಕದಲ್ಲಿ ಅವರು ಪಕ್ಕಾ. ಈ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಎಳೆ ಶ್ವಾಸಕೋಶ ಹೊಕ್ಕ ಮೇಲೆ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ತಲೆಯೆತ್ತುವುದಕ್ಕೂ ಸಾಮಾನ್ಯವಾಗಿ 20ರಿಂದ 40 ವರ್ಷ ಬೇಕು. ದೇಹದ ಕಾವಲು ಕೋಶ ಎಳೆಯನ್ನು ನುಂಗಲು ಹೋಗುತ್ತದೆ. ಎಳೆ ತನಗಿಂತ ಉದ್ದ. ಬಿಸಿತುಪ್ಪದ ಪಾಡು: ನುಂಗಲಾರದು, ಉಗುಳಲಾರದು. ಸುತ್ತಲಿನ ಜಾಗ ವರ್ಷಗಟ್ಟಲೆ ಕೆರಳುತ್ತ, ಗಾಯವಾಗುತ್ತ ಕೂರುತ್ತದೆ. ಶೀಟು ಗಟ್ಟಿ, ಎಳೆಯೂ ಗಟ್ಟಿ; ನಡುವೆ ಇರುವವನ ಬಗ್ಗೆ ಯಾರೂ ಗ್ಯಾರಂಟಿ ಬರೆದುಕೊಟ್ಟಿಲ್ಲ.

ಇನ್ನು ‘ಸಾಧು’ ಎಂಬ ಮಾತು. ಕಲ್ನಾರಿನ ಮನೆಯಲ್ಲಿ ಆರು ಜನ. ಕ್ರೋಸಿಡೊಲೈಟ್, ಅಮೋಸೈಟ್ ಮುಂತಾದ ಐವರು ಆ್ಯಂಫಿಬೋಲ್ ಎಂಬ ಖನಿಜ ಕುಲದವರು. ಆರನೆಯವನು, ಕರ್ಣನ ಹಾಗೆ, ಬೇರೆ ಕಡೆ ಬೆಳೆದವನು, ಸರ್ಪೆಂಟೈನ್ ಕುಲದ ಕ್ರೈಸೊಟೈಲ್; ಕಾರ್ಯದರ್ಶಿಗಳ ‘ಬಿಳಿ ಜಾತಿ’ ಇವನೇ. ಗ್ರೀಕಿನಲ್ಲಿ ಆ ಹೆಸರಿಗೆ ‘ಚಿನ್ನದ ನಾರು’ ಎಂದರ್ಥ, ಕವಚಕುಂಡಲವೂ ಇದ್ದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆರೂ ಜನರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ‘ಕ್ಯಾನ್ಸರ್‌ಕಾರಕ’ ಎಂದಿದೆ. ಆದರೂ ಸಭೆಗಳಲ್ಲಿ ಒಬ್ಬರಲ್ಲ ಒಬ್ಬರು ಎದ್ದು ಹೇಳುತ್ತಾರೆ, ‘ಇನ್ನೂ ಸಂಶೋಧನೆ ಆಗಬೇಕು.’ ಆಗಬೇಕು, ಆಗಬೇಕು. 1960ರಲ್ಲೇ ದಕ್ಷಿಣ ಆಫ್ರಿಕಾದಲ್ಲಿ ವ್ಯಾಗ್ನರ್ ಮತ್ತು ಸಂಗಡಿಗರು 33 ಮೀಸೋಥೀಲಿಯೋಮಾ ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಗಣಿಯ ಬಳಿ ವಾಸವಿದ್ದದ್ದು ಬಿಟ್ಟರೆ ಬೇರೆ ತಪ್ಪು ಮಾಡದವರೂ ಇದ್ದರು. 1965ರಲ್ಲಿ ಲಂಡನ್ನಿನಲ್ಲಿ, ಕಾರ್ಖಾನೆಯಿಂದ ಬಂದ ಗಂಡನ ಬಟ್ಟೆ ಒಗೆದ ಹೆಂಗಸರಿಗೂ ಅದೇ ರೋಗ ಕಂಡಿತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತೆಂದು ನಮ್ಮ ಗಾದೆ. ಈ ನಾರು ಹಾಗಲ್ಲ, ಹೂವನ್ನು ತಾನೇ ಕರೆದೊಯ್ಯುತ್ತದೆ.

ನಮ್ಮ ಸರ್ಕಾರಕ್ಕೆ ಇದು ತಿಳಿಯದೆಂದಲ್ಲ. 1986ರಿಂದ ಕಲ್ನಾರು ಗಣಿಗೆ ಹೊಸ ಗುತ್ತಿಗೆ ಇಲ್ಲ, 1993ರಿಂದ ಹಳೆಯದರ ನವೀಕರಣವೂ ಇಲ್ಲ. ನಮ್ಮ ಮಣ್ಣಿನಿಂದ ಅಗೆದರೆ ವಿಷ. ರಷ್ಯಾದಿಂದ, ಕಜಕಸ್ತಾನದಿಂದ ಹಡಗಿನಲ್ಲಿ ಬಂದರೆ ಅಭಿವೃದ್ಧಿ. ಸಮುದ್ರ ದಾಟಿದವರಿಗೆ ಹಿಂದೆ ಪ್ರಾಯಶ್ಚಿತ್ತವಿತ್ತು; ಈಗ ಸಮುದ್ರ ದಾಟುವುದೇ ಪ್ರಾಯಶ್ಚಿತ್ತ.

ಕಾರ್ಯದರ್ಶಿಗಳನ್ನೂ ಮೀರಿಸಿದ ಕಥೆ ಇನ್ನೊಂದಿದೆ. ಅಪಾಯಕಾರಿ ಸರಕಿನ ವ್ಯಾಪಾರಕ್ಕೆಂದು ದೇಶದೇಶಗಳು ಮಾಡಿಕೊಂಡ ರೋಟರ್‌ಡ್ಯಾಮ್ ಒಪ್ಪಂದ ಯಾವ ವಸ್ತುವನ್ನೂ ನಿಷೇಧಿಸುವುದಿಲ್ಲ. ಪಟ್ಟಿಯಲ್ಲಿರುವ ಸರಕನ್ನು ಕಳಿಸುವ ಮುನ್ನ ‘ಇದರಲ್ಲಿ ಅಪಾಯವಿದೆ, ಬೇಕೋ ಬೇಡವೋ ಹೇಳಿ’ ಎಂದು ಕೊಳ್ಳುವ ದೇಶವನ್ನು ಕೇಳಬೇಕು, ಅಷ್ಟೇ. ಐವರು ಅಣ್ಣತಮ್ಮಂದಿರು ಪಟ್ಟಿ ಸೇರಿ ಎಷ್ಟೋ ಕಾಲವಾಯಿತು. ಕರ್ಣ 2006ರಿಂದ ಬಾಗಿಲಲ್ಲೇ ನಿಂತಿದ್ದಾನೆ, ಏಕೆಂದರೆ ಎಲ್ಲರೂ ಒಪ್ಪಬೇಕು. 2011ರಲ್ಲಿ ಭಾರತ ‘ಸೇರಿಸಿ’ ಎಂದಿತು. ಆಗ ಅಡ್ಡಗಾಲು ಹಾಕಿದ್ದು ಮಾರುವ ಕೆನಡಾ. 2013ರ ಹೊತ್ತಿಗೆ ಕೊಳ್ಳುವ ನಾವೇ ‘ಬೇಡ’ ಎಂದೆವು. ಮೀನು ಮಾರುವವಳು ‘ಇದು ನಿನ್ನೆಯದು ಸ್ವಾಮಿ’ ಎನ್ನುವಷ್ಟರಲ್ಲಿ ಗಿರಾಕಿಯೇ ಅವಳ ಬಾಯಿ ಮುಚ್ಚಿ ಚೀಲ ಒಡ್ಡಿದ ಹಾಗೆ.

ಕೆನಡಾ 2018ರಲ್ಲಿ ತನ್ನ ಮನೆಯಲ್ಲೂ ಇದನ್ನು ನಿಷೇಧಿಸಿತು. ಅಲ್ಲಿ ‘ಆಸ್ಬೆಸ್ಟಾಸ್’ ಎಂಬ ಹೆಸರಿನದೇ ಗಣಿಯೂರಿತ್ತು. 2020ರಲ್ಲಿ ನಾಚಿಕೊಂಡು ಹೆಸರು ಬದಲಿಸಿಕೊಂಡಿತು. ಹೆಸರು ಬದಲಿಸುವ ವಿದ್ಯೆಯಲ್ಲಿ ಮುಂಬಯಿಯವರಾದ ನಾವೇನು ಕಡಿಮೆ? ಅವರು ಊರಿನ ಹೆಸರು ಬದಲಿಸಿದರು, ನಾವು ಸರಕಿನದನ್ನೇ ಬದಲಿಸಿ ‘ಸಿಮೆಂಟ್ ಶೀಟು’ ಎಂದೆವು.

ಕಲ್ನಾರು ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಹುಡುಗ ಕಾರ್ಖಾನೆಯವನಲ್ಲ. ಅವನ ದಾಖಲೆ ಕಂತ್ರಾಟುದಾರನ ಸಿಗರೇಟು ಪ್ಯಾಕಿನ ಬೆನ್ನಿನ ಮೇಲಿತ್ತು: ಎರಡು ದಿನದ ಕೂಲಿ, ಒಂದು ಊಟ ಕಡಿತ.

ಸಂಜೆ ಕೊನೆಯ ಶೀಟು ಎತ್ತುವಾಗ ಅದಕ್ಕೆ ಅಂಟಿದ್ದ ಚೀಟಿ ಕಣ್ಣಿಗೆ ಬಿತ್ತು. ಧೂಳನ್ನು ಉಸಿರಾಡಬೇಡಿ ಎಂದು ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರಗಳಲ್ಲಿತ್ತು. ಪತ್ರಾದ ಜೊತೆ ಒಂದು ಪತ್ರವೂ ಬಂದಿತ್ತು ಎಂದಾಯಿತು. ಹುಡುಗ ಅದನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ, ತಾನು ಹತ್ತಬೇಕಿದ್ದ ಸ್ಟೂಲಿನ ಕುಂಟುಗಾಲಿಗೆ ಕೊಟ್ಟ.